ದೇಹ ತಾನೇ ತಯಾರಿಸುವ ‘ಆನಂದ’

ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದು ಅಂಗಳಕ್ಕೆ ಇಳಿದಾಗ ಪರಿಚಯದ ತಾಯಿಯೊಬ್ಬರು ನಮ್ಮನ್ನು ಬದಿಗೆ ಕರೆದರು. ಮಗ ದೂರದ ಕಾಲೇಜಿನಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಅವನ ಬ್ಯಾಗಿನಲ್ಲಿ ಗಾಂಜಾದ ಪೊಟ್ಟಣ ಸಿಕ್ಕಿದೆ. ಗದರಿದರೆ ಹುಡುಗ ಹೆದರಲೂ ಇಲ್ಲವಂತೆ. “ಇದು ವಿಷವಲ್ಲ ಅಮ್ಮ. ಇದರಲ್ಲಿ ಇರುವಂಥದ್ದನ್ನೇ ನಮ್ಮ ಮಿದುಳೂ ತಯಾರಿಸುತ್ತದೆ, ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ” ಎಂದನಂತೆ. ಅವನು ಹೇಳಿದ್ದು ನಿಜವೇ ಎಂದು ಆ ತಾಯಿಯ ಪ್ರಶ್ನೆ.

ಅರ್ಧ ನಿಜ. ಉಳಿದರ್ಧವನ್ನು ಅಂಗಳದಲ್ಲಿ ನಿಂತು ಹೇಳಿ ಮುಗಿಸುವಂತಿಲ್ಲ. ಆದ್ದರಿಂದ ಅವರ ಒಪ್ಪಿಗೆ ಪಡೆದು ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಗಾಂಜಾದಲ್ಲಿ ಅಮಲು ತರುವ ಅಂಶದ ಹೆಸರು ಟಿಎಚ್‌ಸಿ. ಅದನ್ನು 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಷೂಲಮ್ ಮತ್ತು ಗಾವೋನಿ ಎಂಬ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ತಿಳಿಯಲು ಮತ್ತೆ 24 ವರ್ಷ ಬೇಕಾಯಿತು. 1988ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ಮಿದುಳಿನಲ್ಲಿ ಅದಕ್ಕೆ ಸರಿಹೊಂದುವ ಒಂದು ‘ಬೀಗ’ವನ್ನು ಗುರುತಿಸಿದರು. ಯಾವುದೋ ಗಿಡದ ಹೊಗೆಗಾಗಿ ಮಿದುಳು ಬೀಗ ಮಾಡಿಸಿಟ್ಟುಕೊಂಡಿರಲಾರದು. ದೇಹದೊಳಗೇ ಅದರ ಕೀಲಿ ಇರಬೇಕು ಎಂದು ಹುಡುಕಾಟ ಶುರುವಾಯಿತು. 1992ರಲ್ಲಿ ಜೆರುಸಲೇಮಿನ ಮೆಷೂಲಮರ ಪ್ರಯೋಗಾಲಯದಲ್ಲಿ ಹಂದಿಯ ಮಿದುಳಿನಿಂದ ಆ ಕೀಲಿ ಹೊರಬಂತು. ಅದು ಕೊಬ್ಬಿನ ಜಾತಿಯ ಒಂದು ಪದಾರ್ಥ. ಅದಕ್ಕೆ ಅವರಿಟ್ಟ ಹೆಸರು ಅನಾಂಡಮೈಡ್. ಸಂಸ್ಕೃತದ ‘ಆನಂದ’ವೇ ಅದರ ಮೂಲ, ನಮ್ಮ ನಡುವಿನ ಎಷ್ಟೋ ಆನಂದರ ಹೆಸರಿನಲ್ಲಿರುವ ಅದೇ ಪದ! 1995ರಲ್ಲಿ 2-ಎಜಿ ಎಂಬ ಇನ್ನೊಂದೂ ಸಿಕ್ಕಿತು. ಇಂಥವನ್ನೆಲ್ಲ ಸೇರಿಸಿ ಎಂಡೋಕ್ಯಾನಬಿನಾಯ್ಡ್ ಎನ್ನುತ್ತಾರೆ.

ಇವುಗಳ ಕೆಲಸವೇನು? ತೋಟಕ್ಕೆ ನೀರು ಬಿಡುವುದನ್ನು ನೆನಪಿಸಿಕೊಳ್ಳಿ. ಪಂಪಿನ ಬಳಿ ಒಬ್ಬರು, ಕೆಳಗೆ ಅಡಿಕೆ ಮರದ ಬುಡದಲ್ಲಿ ಇನ್ನೊಬ್ಬರು. ನೀರು ಮೇಲಿನಿಂದ ಕೆಳಗೆ ಬರುತ್ತದೆ; “ಸಾಕು, ನಿಲ್ಲಿಸಿ” ಎಂಬ ಕೂಗು ಮಾತ್ರ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ನರಕೋಶಗಳ ನಡುವೆಯೂ ಹಾಗೆಯೇ. ಸಂದೇಶ ಮುಂದಕ್ಕೆ ಹರಿಯುತ್ತದೆ. ಅದು ಅತಿಯಾದಾಗ, ಪಡೆಯುವ ಕೋಶ ತನ್ನ ಪೊರೆಯ ಕೊಬ್ಬಿನಿಂದ ಆಗಿಂದಾಗ್ಗೆ ಈ ಪದಾರ್ಥವನ್ನು ಮಾಡಿ, ಕಳುಹಿಸುವ ಕೋಶಕ್ಕೆ “ಸಾಕು” ಎನ್ನುತ್ತದೆ. 2001ರಲ್ಲಿ ಇದು ಖಚಿತವಾಯಿತು. ಸಂದೇಶ ತಲುಪಿಸಿದೊಡನೆ ಕಿಣ್ವಗಳು ಅದನ್ನು ಒಡೆದುಹಾಕುತ್ತವೆ. ಬೇಕಾದಲ್ಲಿ, ಬೇಕಾದಾಗ, ಬೇಕಾದಷ್ಟೇ. ನೋವು, ಹಸಿವು, ಭಯ, ನಿದ್ದೆ, ನೆನಪು, ಎಲ್ಲದರಲ್ಲೂ ಇದರ ಕೈವಾಡವಿದೆ. ರೋಗನಿರೋಧಕ ಕೋಶಗಳಲ್ಲಿಯೂ ಇನ್ನೊಂದು ಬಗೆಯ ಬೀಗವಿದ್ದು, ಉರಿಯೂತವನ್ನು ಹದದಲ್ಲಿಡಲು ನೆರವಾಗುತ್ತದೆ.

ನಮ್ಮ ಮನಸ್ಸಿನಲ್ಲಿ ಉಳಿದದ್ದು ಒಂದು ಪ್ರಯೋಗ. ತಾಯಿಯ ಎದೆಹಾಲಿನಲ್ಲಿಯೂ ಎಂಡೋಕ್ಯಾನಬಿನಾಯ್ಡ್ ಇದೆ. ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಈ ಬೀಗವನ್ನು ಮುಚ್ಚುವ ಔಷಧ ಕೊಟ್ಟಾಗ ಅವು ಹಾಲು ಚೀಪಲಿಲ್ಲ, ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತುಹೋದವು. (ಹಾಲೂಡುವ ತಾಯಂದಿರು ಗಾಂಜಾ ಮುಟ್ಟಬಾರದೆಂದು ವೈದ್ಯರು ಹೇಳುವುದೂ ಇದಕ್ಕಾಗಿಯೇ, ಟಿಎಚ್‌ಸಿ ಹಾಲಿಗೆ ಸೇರುತ್ತದೆ.)

ಹಸಿವು ಹುಟ್ಟಿಸುವ ಬೀಗವನ್ನು ಮುಚ್ಚಿದರೆ ಬೊಜ್ಜು ಕರಗಬಹುದಲ್ಲ ಎಂದು ಔಷಧ ಕಂಪನಿಗಳಿಗೆ ಹೊಳೆಯದಿರುತ್ತದೆಯೇ? ರಿಮೊನಬಂಟ್ ಎಂಬ ಮಾತ್ರೆ 2006ರಲ್ಲಿ ಯೂರೋಪಿನಲ್ಲಿ ಮಾರುಕಟ್ಟೆಗೆ ಬಂತು. ತೂಕವೇನೋ ಇಳಿಯಿತು. ಆದರೆ ನುಂಗಿದ ಕೆಲವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಾಣಿಸಿಕೊಂಡವು. 2008ರಲ್ಲಿ ಅಲ್ಲಿ ಮಾರಾಟ ನಿಂತಿತು, 2009ರಲ್ಲಿ ನಮ್ಮ ದೇಶವೂ ನಿಷೇಧಿಸಿತು. ಹಸಿವಿನ ಬೀಗವೇ ಮನಸ್ಸು ಕುಸಿಯದಂತೆಯೂ ಕಾಯುತ್ತಿತ್ತೆಂದು ಗೊತ್ತಾದದ್ದು ಹೀಗೆ. ಇನ್ನು ಕೆಲವರು ಅನಾಂಡಮೈಡನ್ನು ಒಡೆಯುವ ಕಿಣ್ವವನ್ನೇ ತಡೆದು ನೋವು ಕಡಿಮೆ ಮಾಡಲು ಹೊರಟರು. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಅಂಥ ಒಂದು ಔಷಧದ ಪ್ರಯೋಗಕ್ಕೆ ಬಂದ ಆರೋಗ್ಯವಂತರಲ್ಲಿ ಆರು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಆ ಔಷಧ ಬೇರೆ ಕಿಣ್ವಗಳನ್ನೂ ಕೆಡಿಸುತ್ತಿತ್ತೆಂದು ಆಮೇಲೆ ತಿಳಿಯಿತು.

ಹಾಗೆಂದು ಎಲ್ಲವೂ ಸೋಲಲ್ಲ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿಯ ಗುಳಿಗೆಗೆ ಅಮೆರಿಕ 1985ರಲ್ಲೇ ಅನುಮತಿ ಕೊಟ್ಟಿದೆ. ಮಕ್ಕಳ ಕೆಲವು ಕಠಿಣ ಅಪಸ್ಮಾರಗಳಿಗೆ, ಗಾಂಜಾ ಗಿಡದ್ದೇ ಆದರೂ ಅಮಲಿಲ್ಲದ ಇನ್ನೊಂದು ಅಂಶದ ಔಷಧ 2018ರಲ್ಲಿ ಬಂತು. ಇವೆಲ್ಲ ಅಳತೆ ನೋಡಿ ವೈದ್ಯರು ಕೊಡುವಂಥವು.

ಇನ್ನು ಆ ಹುಡುಗನ ಮಾತಿಗೆ ಬರೋಣ. ಅವನ ಮಿದುಳು ಇಂಥದ್ದನ್ನು ತಯಾರಿಸುವುದು ನಿಜ. ಆದರೆ ಅದು ಒಂದೆರಡು ಕಡೆ, ಅರೆಗಳಿಗೆ ಮಾತ್ರ. ಗಾಂಜಾದ ಹೊಗೆ ಎಲ್ಲ ಬೀಗಗಳನ್ನೂ ಒಟ್ಟಿಗೆ, ಗಂಟೆಗಟ್ಟಲೆ ತೆರೆದಿಡುತ್ತದೆ. ಪಂಪಿನವರ ಕಿವಿಯಲ್ಲಿ ಇಡೀ ದಿನ “ನಿಲ್ಲಿಸಿ” ಎಂದು ಕೂಗುತ್ತಿದ್ದರೆ ತೋಟ ಒಣಗದಿರುತ್ತದೆಯೇ? ಮಿದುಳು ಇನ್ನೂ ಬೆಳೆಯುತ್ತಿರುವ ವಯಸ್ಸು ಅವನದು. ಇಪ್ಪತ್ತೈದರ ಹತ್ತಿರದವರೆಗೂ ಅದು ಪಕ್ವವಾಗುತ್ತಲೇ ಇರುತ್ತದೆ. ಮನೆತನದಲ್ಲಿ ಯಾರಿಗಾದರೂ ಚಿತ್ತಭ್ರಮೆಯಂಥ ಮಾನಸಿಕ ಕಾಯಿಲೆ ಇದ್ದಿದ್ದರೆ ಅಪಾಯ ಇನ್ನೂ ಹೆಚ್ಚು.

ದಿನವೂ ಸೇದುವವರ ಮಿದುಳಿನಲ್ಲಿ ಈ ಬೀಗಗಳು ಕಡಿಮೆಯಾಗಿರುವುದನ್ನು 2012ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನವೊಂದು ತೋರಿಸಿತು. ಅದೇ ಅಧ್ಯಯನದಲ್ಲಿ, ಸುಮಾರು ನಾಲ್ಕು ವಾರ ಸೇದದೆ ಉಳಿದವರಲ್ಲಿ ಅವು ಮರಳಿ ಬಂದಿದ್ದವು. ಈ ಮಾತು ಹೇಳಿದಾಗ ಆ ತಾಯಿ “ನಾಲ್ಕು ವಾರವಾ?” ಎಂದು ಎರಡು ಸಲ ಕೇಳಿದರು. ನಿದ್ದೆ ಬಾರದಿರುವುದು, ಸಿಡುಕು, ಊಟ ಸೇರದಿರುವುದು ಮೊದಲ ಒಂದೆರಡು ವಾರ ಸಾಮಾನ್ಯ, ಆಗ ಮನೆಯವರು ತಾಳಿಕೊಳ್ಳಬೇಕು ಎಂದೆವು. ಮನೋವೈದ್ಯರನ್ನು ಕಾಣಲು ನಾಚಿಕೆಯಾದರೆ ಸರ್ಕಾರದ ಟೆಲಿ ಮಾನಸ್ ಇದೆ, ಸಂಖ್ಯೆ 14416, ಹಗಲು ರಾತ್ರಿ ಉಚಿತ. ಭಾಷೆಯನ್ನೂ ಆರಿಸಿಕೊಳ್ಳಬಹುದು, ಮನೆಯ ಸಂಕಟವನ್ನು ಮಲಯಾಳದಲ್ಲಿ ಹೇಳಿಕೊಳ್ಳಲು ಬಾರದ ನಮ್ಮೂರವರಿಗೆ ಅದು ಸಣ್ಣ ವಿಷಯವಲ್ಲ.

ಕಳೆದ ವಾರ ಅವರು ಮತ್ತೆ ಸಿಕ್ಕಿದ್ದರು. ಮಗ ಒಂದು ಸಲ ವೈದ್ಯರ ಬಳಿ ಬರಲು ಒಪ್ಪಿದ್ದಾನೆ. ಈ ಪುಟವನ್ನು ಮೊದಲು ತಾನೇ ಓದಿ ನೋಡುತ್ತೇನೆಂದೂ ಹೇಳಿದ್ದಾನಂತೆ.