ಕಾರಿಗೆ ಗಾಜಿನ ಅಂಗಿ, ಗಿರಾಕಿಯ ಜೇಬಿಗೆ ಕತ್ತರಿ!

ಬಳ್ಳಾರಿಯಲ್ಲಿ ಬಿಳಿ ಕಾರು ಕೊಂಡವನಿಗೆ ಮೂರು ತಿಂಗಳಲ್ಲಿ ಕೆಂಪು ಕಾರು ಪುಕ್ಕಟೆ ಸಿಕ್ಕ ಹಾಗೆ. ಸಂಡೂರಿನ ಗುಡ್ಡದಿಂದ ಲಾರಿ ಹತ್ತಿದ ಅದಿರು ತೋರಣಗಲ್ಲು, ಕುಡಿತಿನಿ ದಾಟುವಷ್ಟರಲ್ಲಿ ರಸ್ತೆಗೆ, ಮರಕ್ಕೆ, ಮನೆಯ ಗೋಡೆಗೆ, ಒಣಹಾಕಿದ ಪಂಚೆಗೆ ಒಂದೊಂದು ಪಾಲು ಹಂಚಿಯೇ ಮುಂದೆ ಹೋಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಇಲ್ಲಿಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಕಟ್ಟುಪಾಡಿನ ಮೇಲೆ ಗಣಿಗಳು ಒಂದೊಂದಾಗಿ ಬಾಗಿಲು ತೆರೆದವು. ಲಾರಿ ಬಂತು, ಜೊತೆಗೆ ಧೂಳೂ ಬಂತು.

ಈ ಧೂಳಿನ ಮೇಲೆ ಈಗ ಹೊಸದೊಂದು ವ್ಯಾಪಾರ ಎದ್ದಿದೆ. ಮೊದಲು ‘ವಾಟರ್ ಸರ್ವಿಸ್’ ಅಂತ ಬೋರ್ಡು ಹಾಕಿಕೊಂಡಿದ್ದ ತಗಡಿನ ಶೆಡ್ಡುಗಳ ಮೇಲೆ ಈಗ ‘ಕಾರ್ ಡೀಟೇಲಿಂಗ್’, ‘ಸೆರಾಮಿಕ್ ಕೋಟಿಂಗ್’, ‘9ಎಚ್’ ಅಂತ ಮಿಣಮಿಣ ಅಕ್ಷರ. “ಸರ, ಒಂದ್ಸಲ ಹಾಕಿಸಿ ಬಿಡ್ರಿ. ಐದು ವರ್ಷ ಚಿಂತಿ ಇಲ್ಲ. ಗೀರು ಬೀಳಂಗಿಲ್ಲ, ಧೂಳು ಕೂಡಂಗಿಲ್ಲ” ಎಂಬ ಮಾತು. ರೇಟು ಕೇಳಿದರೆ ಕಾರಿನ ಗಾತ್ರ, ಅಂಗಡಿಯ ಗತ್ತು ನೋಡಿಕೊಂಡು ಹತ್ತು ಸಾವಿರದಿಂದ ಮೂವತ್ತು, ನಲವತ್ತು ಸಾವಿರದವರೆಗೂ ಏರುತ್ತದೆ.

ಬಸ್ಸಿನಲ್ಲಿ ನೇತಾಡಿಕೊಂಡು ಓಡಾಡುವ ನಮಗೇಕೆ ಈ ಗೊಡವೆ ಅನ್ನಬೇಡಿ. ಕಾರು ಅಂದರೆ ಈಗ ಸಾಹುಕಾರರ ಸೊತ್ತು ಅಷ್ಟೇ ಅಲ್ಲ. ಸಾಲ ಮಾಡಿ ಬಾಡಿಗೆ ಕಾರು ಇಟ್ಟವರಿದ್ದಾರೆ. ಅಂಗಡಿ ಸಾಮಾನಿಗೆ ಸೆಕೆಂಡ್ ಹ್ಯಾಂಡ್ ವ್ಯಾನು ಕೊಂಡವರಿದ್ದಾರೆ. ಮಗಳ ಮದುವೆಗೆ ಮುಂಚೆ ಹಳೇ ಗಾಡಿಗೆ ಹೊಸ ಕಳೆ ಬರಲಿ ಅನ್ನುವವರಿದ್ದಾರೆ. ಇಪ್ಪತ್ತು ಸಾವಿರ ಅಂದರೆ ಇಂಥವರಿಗೆ ಎರಡು ಮೂರು ತಿಂಗಳ ಕಂತಿನ ಹಣ. ಅಲ್ಲದೆ ಆ ಶೆಡ್ಡುಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಉಜ್ಜುತ್ತಿರುವ ಹುಡುಗರು ನಮ್ಮ ನಿಮ್ಮ ಓಣಿಯವರೇ.

ಏನಪ್ಪಾ ಇದು?

ಹೆಸರು ದೊಡ್ಡದು, ವಿಷಯ ಸಣ್ಣದು. ಮರಳಿನಲ್ಲಿ, ಕಿಟಕಿಯ ಗಾಜಿನಲ್ಲಿ ಇರುವ ಸಿಲಿಕಾ ಎಂಬ ವಸ್ತುವಿನ ಬಳಗಕ್ಕೆ ಸೇರಿದ ರಾಸಾಯನಿಕವನ್ನು ದ್ರಾವಕದಲ್ಲಿ ಕಲಸಿ ಪುಟ್ಟ ಶೀಷೆಯಲ್ಲಿ ಮಾರುತ್ತಾರೆ. ಅದನ್ನು ಬಟ್ಟೆಯಲ್ಲಿ ಅದ್ದಿ ಕಾರಿನ ಮೈಗೆ ಸವರಿದರೆ ದ್ರಾವಕ ಹಾರಿಹೋಗುತ್ತದೆ, ಉಳಿದದ್ದು ಗಾಳಿಯ ತೇವ ಹೀರಿ ಗಟ್ಟಿಯಾಗಿ ಗಾಜಿನಂಥ ಪೊರೆ ಕಟ್ಟುತ್ತದೆ. ಹಳೇ ಕಾಲದ ಮೇಣದ ಪಾಲಿಶ್ ಕೆಲವೇ ವಾರಗಳಲ್ಲಿ ಹೋಗುತ್ತಿತ್ತು. ಇದು ಬಣ್ಣಕ್ಕೆ ಬಲವಾಗಿ ಅಂಟುತ್ತದೆ, ವರ್ಷಗಟ್ಟಲೆ ನಿಲ್ಲುತ್ತದೆ. ನೀರು ಬಿದ್ದರೆ ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಉರುಳುತ್ತದೆ. ಕೊಳೆ ಬೇಗ ಬಿಡುತ್ತದೆ. ಹಕ್ಕಿಯ ಹಿಕ್ಕೆ, ಮರದ ಅಂಟು ತಕ್ಷಣ ಬಣ್ಣವನ್ನು ತಿನ್ನುವುದಿಲ್ಲ, ತೊಳೆಯಲು ಸ್ವಲ್ಪ ಸಮಯ ಸಿಗುತ್ತದೆ. ಇಷ್ಟು ನಿಜ. ಇದನ್ನು ಸುಳ್ಳು ಅನ್ನುವವನು ನಾನಲ್ಲ.

ಆದರೆ ಪೊರೆ ಎಷ್ಟು ದಪ್ಪ? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಹಾಳೆ ಸುಮಾರು 70 ಮೈಕ್ರಾನ್. ಕಾರಿನ ಬಣ್ಣದ ಮೇಲೆ ಕಂಪೆನಿಯವರೇ ಹೊಡೆದು ಕಳಿಸುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟು, 40–50 ಮೈಕ್ರಾನ್ ಆಸುಪಾಸು. ಸೆರಾಮಿಕ್ ಪೊರೆ ಒಂದೆರಡು ಮೈಕ್ರಾನ್, ಎಷ್ಟೋ ಸಲ ಅಷ್ಟೂ ಇಲ್ಲ! ಈ ಹಾಳೆಯನ್ನು ನಲವತ್ತು ಪದರವಾಗಿ ಸೀಳಿದರೆ ಸಿಗುವ ಒಂದು ಪದರ ಲಾರಿಯ ಚಕ್ರದಿಂದ ಸಿಡಿದ ಕಲ್ಲನ್ನು ತಡೆಯುತ್ತದೆ ಅಂದರೆ ನಂಬಬೇಕೇ? ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು. ಸಣ್ಣ ಕಲ್ಲಿನ ಏಟನ್ನು ತಾಳುವುದು ಬೇರೆಯೇ ವಸ್ತು. ಅದು 150–200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಪಿಪಿಎಫ್ ಎನ್ನುತ್ತಾರೆ. ಅದರ ರೇಟು ಇನ್ನೂ ಮೇಲೆ.

9ಎಚ್ ಎಂಬ ಮಂತ್ರ

ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 9ಎಚ್ ಅಂತ ಬರೆದು ಪಕ್ಕದಲ್ಲಿ ವಜ್ರದ ಚಿತ್ರ ಹಾಕುತ್ತಾರೆ. ವಜ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರ 10. ಈ 9ಎಚ್ ಬಂದಿರುವುದು ಪೆನ್ಸಿಲ್ ಲೆಕ್ಕದಿಂದ. ಡ್ರಾಯಿಂಗ್ ಪೆನ್ಸಿಲ್‌ಗಳಲ್ಲಿ ಎಚ್‌ಬಿ, 2ಎಚ್, 4ಎಚ್ ಅಂತ ಇರುವುದು ಮಕ್ಕಳಿಗೂ ಗೊತ್ತು. ಆ ಸಾಲಿನ ಗಟ್ಟಿ ಪೆನ್ಸಿಲ್ 9ಎಚ್. ಅದನ್ನು ಒತ್ತಿ ಎಳೆದರೂ ಪೊರೆಗೆ ಗೀರು ಬೀಳಲಿಲ್ಲ ಅಂದರೆ 9ಎಚ್ ಅಂತ ಸರ್ಟಿಫಿಕೇಟು. ಪೆನ್ಸಿಲ್ಲಿನಿಂದ ಯಾರು ಸ್ವಾಮಿ ಕಾರು ಗೀರುತ್ತಾರೆ?

ನಮ್ಮೂರಿನ ಕಾರು ಗೀರುವುದು ಅದಿರಿನ ಪುಡಿ. ಸಂಡೂರಿನ ಹೆಮಟೈಟ್ ಅದಿರು ಮೋಸ್ ಪಟ್ಟಿಯಲ್ಲಿ 5.5ರಿಂದ 6.5ರಷ್ಟು ಗಟ್ಟಿ. ರಸ್ತೆಯ ಮರಳಿನ ಕಣ 7. ಇವೆರಡೂ ಕಾರಿನ ಬಾನೆಟ್ ಮೇಲೆ ಕೂತಿರುವಾಗ ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಗಸಗಸ ಒರೆಸುತ್ತೇವಲ್ಲ, ಅಲ್ಲಿಯೇ ಬಣ್ಣದ ಸಾವು. ಉಪ್ಪುಕಾಗದ ತಿಕ್ಕಿದ ಹಾಗೆ. ಬಿಸಿಲಿಗೆ ನಿಲ್ಲಿಸಿ ನೋಡಿ, ಜೇಡರ ಬಲೆಯಂಥ ಸುತ್ತು ಗೀರುಗಳು ಕಾಣುತ್ತವೆ. ಕೋಟಿಂಗ್ ಹಾಕಿಸಿದ ಕಾರಿಗೂ ಇದೇ ಗತಿ. ನೀರು ಹೊಡೆದು ಧೂಳು ಹೋದ ಮೇಲೆ ಮೆತ್ತನೆ ಬಟ್ಟೆ ಮುಟ್ಟಿಸಬೇಕು. ಇದಕ್ಕೆ ಬೇಕಾದ್ದು ಎರಡು ಬಕೆಟ್ ನೀರು, ಒಂದು ಒಳ್ಳೆ ಬಟ್ಟೆ, ಸ್ವಲ್ಪ ತಾಳ್ಮೆ. ಒಂದು ಬಕೆಟ್ಟಿನಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು.

ಬೋರಿನ ನೀರಿನ ಕಥೆಯೂ ಅಷ್ಟೇ. ಗಡಸು ನೀರು ಹನಿಹನಿಯಾಗಿ ನಿಂತು ಬಿಸಿಲಿಗೆ ಒಣಗಿದರೆ ಬಿಳೀ ಉಪ್ಪಿನ ಚುಕ್ಕೆ ಉಳಿಯುತ್ತದೆ. ಕೋಟಿಂಗ್ ಇದ್ದರೂ ಉಳಿಯುತ್ತದೆ. ನೀರು ಉರುಳುತ್ತದೆ ಅಂತ ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟವನ ಕಾರಿಗೆ ಸಿಡುಬು ಎದ್ದಂತೆ ಕಾಣುತ್ತದೆ.

ಹೊಳಪು ಕೊಡುವುದು ಯಾರು?

ಈಗ ಅಸಲು ಮಾತಿಗೆ ಬರುತ್ತೇನೆ. ಮಾಸಿದ ಕಾರು ಕೊಟ್ಟು ಎರಡು ದಿನ ಬಿಟ್ಟು ಹೋದರೆ ಮುಖ ನೋಡಿಕೊಳ್ಳುವಂತೆ ಹೊಳೆಯುತ್ತಿರುತ್ತದೆ. ಮಾಲೀಕ ಶೀಷೆ ತೋರಿಸಿ “ಇದರ ಮಹಿಮೆ” ಅನ್ನುತ್ತಾನೆ. ಅಲ್ಲ ಸ್ವಾಮಿ, ಅಲ್ಲ. ಆ ಹೊಳಪಿನ ಬಹುಪಾಲು ಶೀಷೆಯದ್ದಲ್ಲ, ಶೆಡ್ಡಿನ ಹುಡುಗರ ತೋಳಿನದ್ದು.

ಕೆಲಸ ನೋಡಿ. ಮೊದಲು ತೊಳೆಯಬೇಕು. ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಕಣಗಳನ್ನು ಒಂದು ದ್ರವ ಹೊಡೆದು ಸಡಿಲಿಸಬೇಕು. ಅದು ಕಬ್ಬಿಣ ಸಿಕ್ಕಿದ ಕಡೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಆಮೇಲೆ ಕ್ಲೇ ಎಂಬ ಜೇಡಿಯಂಥ ಮುದ್ದೆಯನ್ನು ಸೋಪು ನೀರಿನಲ್ಲಿ ಜಾರಿಸಿ ಉಳಿದ ಕಸ ಎಳೆಯಬೇಕು. ನಂತರ ಯಂತ್ರ ಹಿಡಿದು ಒಂದೊಂದೇ ಭಾಗಕ್ಕೆ ಕಾಂಪೌಂಡು, ಪಾಲಿಶು. ಇದೇ ದಿನಗಟ್ಟಲೆ ತಿನ್ನುವ ಕೆಲಸ. ಎಣ್ಣೆಯ ಅಂಶ ಹೋಗುವಂತೆ ಒರೆಸಿ ಕೊನೆಗೆ ಕೋಟಿಂಗ್ ಸವರಿ, ಕೆಲವೇ ನಿಮಿಷಗಳಲ್ಲಿ ಒರೆಸಿ ತೆಗೆಯಬೇಕು. ಅಂದರೆ ಕೋಟಿಂಗ್ ಒಂದು ಬೀಗ ಇದ್ದ ಹಾಗೆ. ಒಳಗೆ ಬಂಗಾರ ಇಟ್ಟು ಹಾಕಿದರೆ ಬಂಗಾರ ಕಾಯುತ್ತದೆ, ಕಸ ಇಟ್ಟು ಹಾಕಿದರೆ ಕಸ ಕಾಯುತ್ತದೆ. ಗೀರು ತೆಗೆಯದೆ ಬರೀ ಶೀಷೆ ಸವರಿ ದುಡ್ಡು ಎಣಿಸಿಕೊಂಡರೆ ಮೇಲೆ ಥಳುಕು, ಒಳಗೆ ಹುಳುಕು.

ಕೈ ಹದ ತಪ್ಪಿದರೆ ಅದೂ ಅಪಾಯ. ಕಾಂಪೌಂಡು ಹೊಡೆಯುವುದು ಅಂದರೆ ಬಣ್ಣದ ಮೇಲಿನ ಪದರವನ್ನೇ ಕೆಲವು ಮೈಕ್ರಾನ್ ಸವೆಸುವುದು. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಆ ಪದರವೇ. ವರ್ಷ ವರ್ಷ ಸವೆಸಿದರೆ ಉಳಿಯುವುದೇನು? ನಲವತ್ತು ಡಿಗ್ರಿ ದಾಟುವ ಬಳ್ಳಾರಿ ಬಿಸಿಲಿಗೆ ಅದು ಸುಲಿದು ಹಾವಿನ ಪೊರೆಯಂತೆ ಎದ್ದು ಬರುತ್ತದೆ. ಹಾಗೆ ಎದ್ದ ಕಾರಿಗೆ ಯಾವ ಪಾಲಿಶೂ ಇಲ್ಲ, ಯಾವ ಸೆರಾಮಿಕ್ಕೂ ಇಲ್ಲ. ಹೊಸದಾಗಿ ಪೇಂಟ್ ಮಾಡಿಸುವುದೊಂದೇ ದಾರಿ. ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆದು ನಿಂತರೆ ಆ ಗೀರು ಆಳದ್ದು, ಪಾಲಿಶ್‌ನಿಂದ ಹೋಗುತ್ತದೆ ಅಂದವನು ಸುಳ್ಳು ಹೇಳುತ್ತಿದ್ದಾನೆ.

ಇಷ್ಟೆಲ್ಲ ಕೈಚಳಕ ಬೇಡುವ ಕೆಲಸದಲ್ಲಿ ಹೆಸರು ಶೀಷೆಗೆ, ಲಾಭ ಮಾಲೀಕನಿಗೆ, ಹುಡುಗನಿಗೆ ದಿನಗೂಲಿ. ದ್ರಾವಕದ ವಾಸನೆ ಕುಡಿಯುತ್ತ, ಮೂಗಿಗೆ ಮಾಸ್ಕ್ ಇಲ್ಲದೆ, ಕೈಗೆ ಗ್ಲೋವ್ಸ್ ಇಲ್ಲದೆ ದುಡಿಸುವ ಶೆಡ್ಡು ಕಂಡರೆ ಗಿರಾಕಿಯೇ ಒಂದು ಮಾತು ಕೇಳಬೇಕು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರು ಒಬ್ಬನಿಗೆ, ಮೊಸರು ಇನ್ನೊಬ್ಬನಿಗೆ ಆದರೆ ಹೇಗೆ?

ಒಳ್ಳೆ ಕೆಲಸಗಾರರೂ ಇದ್ದಾರೆ

ಎಲ್ಲ ಅಂಗಡಿಗಳೂ ಮೋಸ ಅಂತ ನಾನು ಹೇಳುತ್ತಿಲ್ಲ. ನೆರಳಿನಲ್ಲಿ, ಧೂಳಿಗೆ ಪರದೆ ಕಟ್ಟಿ, ತಣ್ಣಗಿರುವ ಮೈಮೇಲೆ ಸವರಿ, ಇಡೀ ರಾತ್ರಿ ಒಳಗೇ ಬಿಟ್ಟು, “ಒಂದು ವಾರ ಸೋಪು ಮುಟ್ಟಿಸಬೇಡ್ರಿ” ಅಂತ ಹೇಳಿ ಕಳಿಸುವವರೂ ಇದ್ದಾರೆ. “ಈ ಕಾರಿಗೆ ಬ್ಯಾಡ್ರಿ, ದುಡ್ಡು ದಂಡ” ಅಂತ ಗಿರಾಕಿಯನ್ನು ವಾಪಸ್ ಕಳಿಸುವವನೂ ಸಿಕ್ಕಾನು. ಅಂಥವನಿಗೆ ನಮಸ್ಕಾರ. ಬೀದಿ ಬದಿಯ ಕಾದ ತಗಡಿನ ಕೆಳಗೆ, ಲಾರಿ ಹೋದಾಗಲೆಲ್ಲ ಧೂಳು ನುಗ್ಗುವ ಜಾಗದಲ್ಲಿ ಸವರಿದರೆ ಧೂಳೂ ಪೊರೆಯೊಳಗೇ ಗಟ್ಟಿಯಾಗುತ್ತದೆ. ಆದರೆ ಗಿರಾಕಿಗೆ ಇಬ್ಬರ ಬೋರ್ಡೂ ಒಂದೇ ಥರ ಕಾಣುತ್ತದಲ್ಲ, ಅದೇ ತಕರಾರು. ಸುಳ್ಳು ಹೇಳುವವನ ಪಕ್ಕದಲ್ಲಿ ನಿಜ ಹೇಳುವ ವ್ಯಾಪಾರಿ ಬಡವಾಗುತ್ತಾನೆ. ಅಂಗಡಿ ಇಟ್ಟವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಗಿರಾಕಿ ಕೇಳಬೇಕಾದ್ದು

ಒಂದು: ಕೋಟಿಂಗಿಗೆ ಎಷ್ಟು, ಗೀರು ತೆಗೆಯುವ ಕೆಲಸಕ್ಕೆ ಎಷ್ಟು, ಬೇರೆ ಬೇರೆ ಬರೆದು ಬಿಲ್ ಕೊಡಿ ಅನ್ನಿ. ಶೀಷೆಯ ಹೆಸರೂ ಅದರಲ್ಲಿರಲಿ. ಸೀಲು ನಿಮ್ಮ ಕಣ್ಣೆದುರು ಒಡೆಯಲಿ.

ಎರಡು: ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರು ಇರುತ್ತದೆ. ಪಾಲಿಶ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದು ಬರೆದುಕೊಡಲಿ. ಮೀಟರೇ ಇಲ್ಲದವನ ಕೈಗೆ ಯಂತ್ರ ಕೊಡುವುದು ತಕ್ಕಡಿ ಇಲ್ಲದವನ ಹತ್ತಿರ ಬೆಳ್ಳಿ ಕೊಂಡ ಹಾಗೆ.

ಮೂರು: “ಐದು ವರ್ಷ ವಾರಂಟಿ” ಅಂದರೆ ಯಾವುದಕ್ಕೆ? ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಸರ್ವಿಸ್ ಮಾಡಿಸದಿದ್ದರೆ ವಾರಂಟಿ ರದ್ದು ಅಂತ ಸಣ್ಣಕ್ಷರದಲ್ಲಿ ಇರಬಹುದು. ಓದಿ ಸಹಿ ಹಾಕಿ.

ನಾಲ್ಕು: ಹೊಸ ಕಾರು ಕೊಳ್ಳುವಾಗ ಶೋರೂಮಿನ ಬಿಲ್ಲಿನಲ್ಲಿ ಕೋಟಿಂಗ್ ತಾನಾಗಿ ಸೇರಿಕೊಂಡಿದೆಯೇ ನೋಡಿ. ಬೇಡ ಅನ್ನುವ ಹಕ್ಕು ನಿಮಗಿದೆ.

ಕೇಳಿದರೆ ಮುಖ ಸಿಂಡರಿಸುವವರಿಗೆ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ಸರಿಯಾದ ಪರೀಕ್ಷೆಯ ಆಧಾರವಿಲ್ಲದೆ ಇಷ್ಟು ವರ್ಷ ಬಾಳುತ್ತದೆ ಅಂತ ವಾರಂಟಿ ಕೊಡುವುದೂ ಅನುಚಿತ ವ್ಯಾಪಾರ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅದಕ್ಕೂ ಮುಂಚೆ 1915ಕ್ಕೆ ಫೋನು ಮಾಡಿ ವಿಚಾರಿಸಬಹುದು. ಆದರೆ ಕೈಯಲ್ಲಿ ಬಿಲ್ ಇಲ್ಲದವನ ದೂರಿಗೆ ಕಾಲು ಎಲ್ಲಿಂದ ಬರಬೇಕು? ಬಿಲ್ ಬೇಡ ಅಂದರೆ ಸಾವಿರ ರೂಪಾಯಿ ಕಡಿಮೆ ಅನ್ನುವ ಆಸೆಗೆ ಬಿದ್ದವನು ತನ್ನ ಸಾಕ್ಷಿಯನ್ನು ತಾನೇ ಮಾರಿಕೊಂಡ ಹಾಗೆ.

ಈ ಧಂದೆಯವರಿಗೂ ಒಂದು ಮಾತು. ನಿಮ್ಮ ಅಂಗಡಿಯ ಮುಂದೆ ವಜ್ರದ ಚಿತ್ರ ತೆಗೆದು ಮೂರು ಸಾಲು ಬರೆಸಿ: ಇದರಿಂದ ಆಗುವುದು ಇಷ್ಟು, ಆಗದೇ ಇರುವುದು ಇಷ್ಟು, ರೇಟು ಇಷ್ಟು. ಗಿರಾಕಿ ಓಡಿಹೋಗುವುದಿಲ್ಲ, ನಂಬಿ ಒಳಗೆ ಬರುತ್ತಾನೆ. ಮಹಾನಗರ ಪಾಲಿಕೆಯವರು ಲೈಸೆನ್ಸ್ ನವೀಕರಿಸುವಾಗ ಈ ಬೋರ್ಡು ಇದೆಯೇ, ಹುಡುಗರಿಗೆ ಮಾಸ್ಕ್ ಇದೆಯೇ ಅಂತ ಎರಡು ಪ್ರಶ್ನೆ ಕೇಳಿದರೆ ಅವರ ಗಂಟೇನೂ ಹೋಗುವುದಿಲ್ಲ.

ನಮ್ಮೂರಿನ ಜೀನ್ಸ್ ಪ್ಯಾಂಟಿಗೆ ಮಾಸಿದಷ್ಟೂ ಬೆಲೆ. ಕಾರಿಗೆ ಆ ಭಾಗ್ಯ ಇಲ್ಲ, ಒಪ್ಪಿದೆ. ಹೊಳಪು ಬೇಕಾದವರು ಮಾಡಿಸಲಿ. ಆದರೆ ಶೀಷೆ ನೋಡಿ ದುಡ್ಡು ಬಿಚ್ಚಬೇಡಿ, ಕೆಲಸ ನೋಡಿ ಬಿಚ್ಚಿ. ಬಿಲ್ ಜೇಬಿಗಿಟ್ಟುಕೊಂಡೇ ಶೆಡ್ಡಿನಿಂದ ಕಾರು ಹೊರಗೆ ತನ್ನಿ.