ಮೆರಿಟ್ ಅಂದ್ರೆ ಯಾರಪ್ಪನ ದುಡ್ಡು?

ಪಿಜಿ ಸೀಟು ಹಂಚಿಕೆಯ ಪಟ್ಟಿ ಬಂದ ದಿನ ನಮ್ಮ ಎಂಬಿಬಿಎಸ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಮೊದಲು ಅಭಿನಂದನೆಗಳ ಸುರಿಮಳೆ. ಆಮೇಲೆ, ರಾತ್ರಿ ಹತ್ತರ ಹೊತ್ತಿಗೆ, ಯಾರಾದರೂ ಒಬ್ಬ 'ಈ ದೇಶದಲ್ಲಿ ಮೆರಿಟ್‌ಗೆ ಬೆಲೆ ಇಲ್ಲ ಮಗಾ' ಅಂತ ಬರೀತಾನೆ. ಬೈಗುಳವೆಲ್ಲ ಮೀಸಲಾತಿಗೆ. ನಾನು ಓದಿ ಸುಮ್ಮನಾಗುತ್ತಿದ್ದೆ. ಈ ಸಲ ಆಗಲಿಲ್ಲ. ಯಾಕಂದ್ರೆ ಹಾಗೆ ಬರೆದವನು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ರೇಡಿಯಾಲಜಿ ತಗೊಂಡಿದ್ದ. ಅವನ ರ‍್ಯಾಂಕು ನನ್ನದಕ್ಕಿಂತ ಅರವತ್ತು ಸಾವಿರ ಹಿಂದೆ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೇನೂ ಕಳ್ಳತನ ಮಾಡಿಲ್ಲ, ನಿಯಮದ ಪ್ರಕಾರವೇ ಸೀಟು ಪಡೆದಿದ್ದಾನೆ. ನನ್ನ ಜಗಳ ಆ 'ಮೆರಿಟ್' ಅನ್ನೋ ಪದದ ಜೊತೆ.

ನನಗೆ ಬೇಕಿದ್ದದ್ದು ಮಕ್ಕಳ ವಿಭಾಗ. ನನ್ನ ರ‍್ಯಾಂಕಿಗೆ ಖಾಸಗಿ ಕಾಲೇಜೊಂದರಲ್ಲಿ ಸೀಟು ಬಂದಿತ್ತು. ಫೀಸು ನೋಡಿದ ಅಪ್ಪ, ಹೈಸ್ಕೂಲ್ ಮೇಷ್ಟ್ರು, ಸ್ವಲ್ಪ ಹೊತ್ತು ಸುಮ್ಮನಿದ್ದು 'ಊರಿನ ಮನೆ ಮಾರೋಣ ಬಿಡು' ಅಂದ್ರು. ನಾನು ಸೀಟು ಬಿಟ್ಟೆ. ಈಗ ಬೆಂಗಳೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ನೈಟ್ ಡ್ಯೂಟಿ ಮಾಡ್ತಾ ಮತ್ತೆ ಓದ್ತಿದೀನಿ.

ನೀಟ್ ಪಿಜಿ ಅಂದ್ರೆ 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ. ಸರಿಯಾದ್ರೆ ನಾಲ್ಕು ಅಂಕ, ತಪ್ಪಾದ್ರೆ ಒಂದು ಕಟ್. ಅಳುವ ಮಗುವಿನ ಹೊಟ್ಟೆ ಮುಟ್ಟಿ ನೋಡೋಕೆ ಬರುತ್ತಾ, ಗಾಬರಿಯಾದ ತಾಯಿಗೆ ಅವಳ ಭಾಷೆಯಲ್ಲಿ ಸಮಾಧಾನ ಹೇಳೋಕೆ ಬರುತ್ತಾ ಅಂತ ಈ ಪರೀಕ್ಷೆ ಕೇಳಲ್ಲ. ಅದಕ್ಕೇ ಕೆಲವರು 'ಅಮೆರಿಕದ ಥರ ಇಂಟರ್‌ವ್ಯೂ, ಶಿಫಾರಸು ಪತ್ರ ಎಲ್ಲ ನೋಡಿ ತಗೋಬೇಕು' ಅಂತಾರೆ. ದಯವಿಟ್ಟು ಬೇಡ. ನಮ್ಮಲ್ಲಿ ಶಿಫಾರಸು ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ವಾ? ಇಂಟರ್‌ವ್ಯೂ ಕೋಣೆಗೆ ಮೇಷ್ಟ್ರ ಮಗಳು ಹೋಗೋದಕ್ಕೆ ಮುಂಚೆಯೇ ಮಂತ್ರಿಗಳ ಆಪ್ತ ಕಾರ್ಯದರ್ಶಿಯ ಫೋನು ಹೋಗಿರುತ್ತೆ. ಪರೀಕ್ಷೆ ಕುರುಡು ನಿಜ. ಆದರೆ ಆ ಕುರುಡುತನದಿಂದಲೇ ನನ್ನಂಥವರಿಗೆ ರಕ್ಷಣೆ.

ತೊಂದರೆ ಶುರುವಾಗೋದು ಪರೀಕ್ಷೆ ಮುಗಿದ ಮೇಲೆ. ಪರೀಕ್ಷೆ ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸುತ್ತೆ. ಕೌಂಟರ್‌ ಹತ್ತಿರ ಬಂದಾಗ ಜೇಬು ನೋಡ್ತಾರೆ. ಸರ್ಕಾರಿ ಸೀಟು, ಖಾಸಗಿ ಸೀಟು, ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಅಂತ ಮೆಟ್ಟಿಲು ಹತ್ತಿದಷ್ಟೂ ಫೀಸು ಏರುತ್ತೆ, ಬೇಕಾದ ರ‍್ಯಾಂಕು ಇಳಿಯುತ್ತೆ. ರೇಡಿಯಾಲಜಿಯ ಮ್ಯಾನೇಜ್‌ಮೆಂಟ್ ಸೀಟಿಗೆ ಮೂರು ವರ್ಷಕ್ಕೆ ಕೋಟಿ ದಾಟೋದು ಮಾಮೂಲು.

2023ರ ಸೆಪ್ಟೆಂಬರ್ ನೆನಪಿದೆಯಾ? ಸೀಟು ಖಾಲಿ ಉಳಿಯುತ್ತವೆ ಅಂತ ಕೇಂದ್ರ ಸರ್ಕಾರ ಅರ್ಹತೆಯ ಕಟಾಫನ್ನು ಎಲ್ಲ ವರ್ಗಕ್ಕೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿತು. ಅಂದ್ರೆ ಪರೀಕ್ಷೆ ಬರೆದವರೆಲ್ಲ ಅರ್ಹರು, ಸೊನ್ನೆಗಿಂತ ಕಡಿಮೆ ಅಂಕ ಬಂದವರೂ ಸೇರಿ! ಖಾಲಿ ಉಳಿಯೋದು ಅನಾಟಮಿ, ಫಿಸಿಯಾಲಜಿ ಥರದ ಯಾರಿಗೂ ಬೇಡದ ಸೀಟುಗಳು, ಜೊತೆಗೆ ಫೀಸು ಕೇಳಿದ್ರೆ ತಲೆ ತಿರುಗುವ ಸೀಟುಗಳು. ಎರಡನೆಯದಕ್ಕೆ ಮದ್ದು ಸುಲಭ ಇತ್ತು, ಫೀಸು ಇಳಿಸೋದು. ಇಳಿಸಿದ್ದು ಕಟಾಫ್. ಅವತ್ತು ನಮ್ಮ ಗ್ರೂಪಿನಲ್ಲಿ ಮೆರಿಟ್ ಸತ್ತಿತು ಅಂತ ಅತ್ತವರು ಎಷ್ಟು ಜನ? ಒಬ್ಬರೂ ಇಲ್ಲ.

ದಾರಿ ಇಲ್ಲ ಅನ್ನಬೇಡಿ. ಖಾಸಗಿ ಮತ್ತು ಡೀಮ್ಡ್ ಕಾಲೇಜುಗಳ ಅರ್ಧದಷ್ಟು ಸೀಟಿನ ಫೀಸಿಗೆ ಮಾರ್ಗಸೂಚಿ ಮಾಡುವ ಅಧಿಕಾರ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲೇ ಇದೆ. 2022ರ ಫೆಬ್ರವರಿಯಲ್ಲಿ ಆಯೋಗ, ಆ ಸೀಟುಗಳಿಗೆ ಸರ್ಕಾರಿ ಕಾಲೇಜಿನಷ್ಟೇ ಫೀಸು ಇರಬೇಕು ಅಂತ ಹೇಳಿಯೂ ಆಯ್ತು. ಕೌನ್ಸೆಲಿಂಗ್‌ಗೆ ಮುಂಚೆಯೇ ಫೀಸಿನ ಪೂರ್ತಿ ವಿವರ ಪ್ರಕಟಿಸಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದದ ಮೇಲೆ ಎಲ್ಲ ಇದೆ. ಇವನ್ನು ಜಾರಿ ಮಾಡಿ ಅಂತ ನಾವು ಕೇಳ್ತಾ ಇಲ್ಲ. ಪಕ್ಕದ ಬೆಂಚಿನವನ ಜಾತಿ ಕೇಳ್ತಾ ಕೂತಿದೀವಿ.

'ನಿಮ್ಮ ಡಾಕ್ಟ್ರುಗಳ ಗಲಾಟೆ ನಮಗ್ಯಾಕೆ' ಅಂತೀರಾ? ಕೋಟಿ ಸುರಿದು ಕಲಿತವರು ಅದನ್ನು ವಾಪಸ್ ತೆಗೀಬೇಕಲ್ಲ. ತೆಗೆಯೋದು ಯಾರ ಬಿಲ್ಲಿನಿಂದ?

ಆ ರಾತ್ರಿ ಗ್ರೂಪಿನಲ್ಲಿ ಇಷ್ಟೇ ಬರೆದೆ: 'ಮೆರಿಟ್ ಬಗ್ಗೆ ಮಾತಾಡೋಣ. ನಾನು ರ‍್ಯಾಂಕ್ ಕಾರ್ಡ್ ಹಾಕ್ತೀನಿ, ನೀನು ಫೀಸಿನ ರಸೀದಿ ಹಾಕು.' ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಅಷ್ಟರಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ಒಬ್ಬಾಕೆ ಬಂದರು. ಫೋನು ಜೇಬಿಗೆ ಹಾಕಿ ಎದ್ದೆ.