ಬ್ಲೀಡರ್ ತೆಗೆದವರ ಧೈರ್ಯ ನಮಗೆ ಬೇಡ

ನಾನು ಲೈಸೆನ್ಸ್ ಇರುವ ಹ್ಯಾಮ್ ರೇಡಿಯೋದವನು. ಅಡಿಕೆ ತೋಟದ ಮೇಲೆ ತಂತಿ ಎಳೆದು ದೂರದೂರದವರ ಜೊತೆ ಮಾತಾಡುವ ನನ್ನ ಹುಚ್ಚು ಊರಿಗೆಲ್ಲ ಗೊತ್ತು. ಈ ಬರಹ ಆ ಹುಚ್ಚನ್ನು ಹೊಗಳಲಿಕ್ಕಲ್ಲ, ಒಂದು ಜಗಳ ತೆಗೆಯಲಿಕ್ಕೆ.

ಜಗಳ ಯಾರ ಮೇಲೆ? ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿ, "ಬ್ಲೀಡರ್ ಎಂತಕ್ಕೆ ಮಾರಾಯ? ಸುಮ್ಮನೆ ಬಿಸಿಯಾಗ್ತದೆ, ಕರೆಂಟು ದಂಡ. ಇಪ್ಪತ್ತು ವರ್ಷದಿಂದ ನನಗೆಂತದೂ ಆಗ್ಲಿಲ್ಲ" ಎಂದು ಹುಡುಗರ ಎದುರು ಹೇಳುವ ಹಿರಿಯರ ಮೇಲೆ.

ವಿಷಯ ಇಷ್ಟು. ರೇಡಿಯೋದ ಸಿಗ್ನಲನ್ನು ಬಲಪಡಿಸುವ 813 ಎಂಬ ಹಳೆಯ ವಾಲ್ವಿಗೆ ಸುಮಾರು 2000 ವೋಲ್ಟ್ ಡಿಸಿ ಬೇಕು. ಮನೆಯ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತದೆ, ಡಯೋಡುಗಳು ಡಿಸಿ ಮಾಡುತ್ತವೆ, ಕೆಪಾಸಿಟರುಗಳು ಅದನ್ನು ತುಂಬಿಸಿಟ್ಟುಕೊಳ್ಳುತ್ತವೆ. ನನ್ನದರಲ್ಲಿ 450 ವೋಲ್ಟಿನ, 330 ಮೈಕ್ರೋಫ್ಯಾರಡಿನ ಆರು ಕೆಪಾಸಿಟರುಗಳು ಸರಣಿಯಲ್ಲಿವೆ. ತುಂಬಿದಾಗ ಒಟ್ಟು 110 ಜೂಲ್ ಶಕ್ತಿ. 11 ಕಿಲೋ ಅಕ್ಕಿ ಚೀಲ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಚೀಲ ಕಾಲಿಗೆ ಬಿದ್ದರೆ ನೋವು. ಇದು ಎದೆಯ ಮೂಲಕ ಹರಿದರೆ ಜೀವವೇ ಹೋದೀತು.

ಬ್ಲೀಡರ್ ಎಂದರೆ ಪ್ರತಿ ಕೆಪಾಸಿಟರಿಗೆ ಅಡ್ಡಲಾಗಿ ಹಾಕುವ ರೆಸಿಸ್ಟರ್. ಟ್ಯಾಂಕಿಯ ಬುಡದಲ್ಲಿ ಬೇಕೆಂದೇ ಇಟ್ಟ ಸಣ್ಣ ತೂತಿನ ಹಾಗೆ. ಸ್ವಿಚ್ಚು ತೆಗೆದ ಮೇಲೆ ತುಂಬಿದ್ದನ್ನು ಖಾಲಿ ಮಾಡುತ್ತದೆ.

ಆ ಹಿರಿಯರ ಮಾತು ಕೇಳಿ ನಾನೂ ಅದನ್ನು ಹಾಕಿರಲಿಲ್ಲ. ಒಂದು ಮಳೆಗಾಲದ ಸಂಜೆ ಕರೆಂಟು ಹೋಯಿತು. ನೆರೆಮನೆಯ ಒಂಬತ್ತನೇ ಕ್ಲಾಸಿನ ಹುಡುಗ ಪಕ್ಕದಲ್ಲಿದ್ದ. "ಕರೆಂಟು ಹೋಯ್ತಲ್ಲ ಮಾವ, ಈಗ ಒಳಗೆ ತೋರಿಸಿ" ಎಂದ. ಪ್ಲಗ್ಗು ಕಿತ್ತು ಮುಚ್ಚಳ ತೆಗೆದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ತಾಗಿತು. ಗುಂಡು ಹೊಡೆದಂಥ ಸದ್ದು. ಸ್ಕ್ರೂಡ್ರೈವರಿನ ತುದಿ ಕರಗಿತ್ತು. ಹುಡುಗನ ಬೆರಳು ಒಂದು ಗೇಣು ಆಚೆಗಿತ್ತು. ಆ ಒಂದು ಗೇಣು ನನ್ನ ಜಾಣತನ ಅಲ್ಲ, ಅವನ ತಾಯಿಯ ಪುಣ್ಯ.

ಇನ್ನು "ಕರೆಂಟು ದಂಡ" ಎಂಬ ಮಾತಿಗೆ ಲೆಕ್ಕ ಹೇಳ್ತೇನೆ. ತಲಾ 100 ಕಿಲೋ ಓಮಿನ ಆರು ರೆಸಿಸ್ಟರು ಹಾಕಿದರೆ ತಿನ್ನುವುದು ಒಟ್ಟು ಏಳು ವಾಟಿಗಿಂತ ಕಡಿಮೆ, ಒಂದು ಎಲ್‌ಇಡಿ ಬಲ್ಬಿನಷ್ಟು. ಅರ್ಧ ನಿಮಿಷ ಕಳೆದರೂ 700 ವೋಲ್ಟಿಗಿಂತ ಹೆಚ್ಚು ಉಳಿದಿರುತ್ತದೆ. ಮೂರು ನಿಮಿಷಕ್ಕೆ 10 ವೋಲ್ಟಿನ ಕೆಳಗೆ ಬರುತ್ತದೆ. ವೋಲ್ಟೇಜನ್ನು ಆರಕ್ಕೂ ಸಮನಾಗಿ ಹಂಚುವುದೂ ಅವೇ. ಇಲ್ಲದಿದ್ದರೆ ಒಂದರ ಮೇಲೆ ಭಾರ ಹೆಚ್ಚಾಗಿ ಅದು ಒಡೆದೀತು.

ಬ್ಲೀಡರ್ ಇದ್ದರೂ ಪೂರ್ತಿ ನಂಬಬಾರದು. ರೆಸಿಸ್ಟರೂ ಸುಟ್ಟು ಹೋಗ್ತದೆ. ಪ್ಲಗ್ಗು ಕೀಳಿ, ಮೂರು ನಿಮಿಷ ಕಾಯಿರಿ, ಮೀಟರು ನೋಡಿ. ಆಮೇಲೆ ಚಾಸಿಗೆ ತಂತಿ ಕಟ್ಟಿದ, ಉದ್ದ ಹಿಡಿಯ ಕೋಲಿನ ಕೊಕ್ಕೆ ತಾಗಿಸಿ, ಕೆಲಸ ಮುಗಿಯುವ ತನಕ ಅಲ್ಲೇ ಬಿಡಿ. ಖಾಲಿ ಮಾಡಿದ ಕೆಪಾಸಿಟರಿನಲ್ಲೂ ಸ್ವಲ್ಪ ವೋಲ್ಟೇಜು ತಾನಾಗಿ ಮರಳುವುದುಂಟು.

ಇಷ್ಟೆಲ್ಲ ಮಾಡಿ ಸಿಗುವುದಾದರೂ ಎಷ್ಟು? 100 ವಾಟನ್ನು 400 ಮಾಡಿದರೆ ಆಚೆಯವರ ಮೀಟರಿನಲ್ಲಿ ಏರುವುದು ಒಂದೇ ಒಂದು ಎಸ್ ಯೂನಿಟ್. ಅದಕ್ಕಾಗಿ ಜೀವ ಪಣಕ್ಕಿಡುವುದು ಧೈರ್ಯವೋ?

ಹಾಗೆಂದು, "ಮಕ್ಕಳನ್ನು ಆ ಕಡೆಗೇ ಬಿಡಬೇಡಿ" ಎನ್ನುವ ಮಾಷ್ಟ್ರುಗಳನ್ನೂ ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳು ಪಂಪಿನ ಪೆಟ್ಟಿಗೆ ತೆರೆಯುವವರೇ. ಅದರಲ್ಲೂ ಕೆಪಾಸಿಟರ್ ಇದೆ. ಬೇಡ ಎಂದರೆ ಕದ್ದು ತೆರೆಯುತ್ತಾರೆ. ಕರೆಂಟು ಹೋದದ್ದು ಬೇರೆ, ಪೆಟ್ಟಿಗೆ ಖಾಲಿಯಾದದ್ದು ಬೇರೆ ಎಂಬ ಪಾಠವನ್ನು ಕ್ಲಾಸಿನಲ್ಲಿ ಮೊದಲು ಹೇಳಿಕೊಡಿ, ಮಾಷ್ಟ್ರೇ.

ಹುಡುಗ ಈಗಲೂ ಬರುತ್ತಾನೆ. ಕೋಲು ಅವನೇ ಮಾಡಿದ್ದು. ಮೂರು ನಿಮಿಷ ಆಗುವ ಮುಂಚೆ ನಾನು ಮುಚ್ಚಳಕ್ಕೆ ಕೈ ಹಾಕಿದರೆ ನನಗೇ ಗದರುತ್ತಾನೆ.